ಗೋಮಾಳದಲ್ಲಿ ನೀರ್ ಬಿದ್ದ ಬೋರಿಗೆ ಬೀಗ ಜಡ್ದು ಹೋಗವ್ರೆ, ಯಾಕೆ?

ನಾಗಮಂಗಲದ ಹೈದ:
ನಮ್ಮೂರ್ ಗೋಮಾಳಕ್ಕೆ ಸರ್ಕಾರದ್ ಬೋರ್ ಲಾರಿ ಬಂದು 600 ಅಡಿ ಕೊರೆದ್ರು, ನೀರೂ ಚೆನ್ನಾಗೇ ಬಿತ್ತು, ಕಾಯಿ ಒಡ್ದು ಪೂಜೆನೂ ಮಾಡುದ್ವಿ. ಆಮೇಲ್ ನೋಡುದ್ರೆ ಹತ್ ಮಾರು ದೂರದಲ್ಲೇ ಇನ್ನೊಂದ್ ಕೊರ್ದು, ಹಗ್ಲೂ ರಾತ್ರಿ ಮೋಟ್ರು ಓಡ್ಸಿ ನೀರ್ನೆಲ್ಲ ಹಳ್ಳಕ್ಕೆ ಬುಟ್ಟು, ಕೊನೆಗೆ ಎರಡಕ್ಕೂ ಮುಚ್ಚಳ ಹಾಕಿ ಬೀಗ ಜಡ್ದು ಹೋದ್ರು. ಟೆಸ್ಟ್ ಬೋರಂತೆ. ನೀರ್ ಬಂದ್ಮೇಲೆ ಟೆಸ್ಟ್ ಮಾಡೋಕೆ ಏನೈತೆ? ಗೊತ್ತಿರೋರು ವಸಿ ಹೇಳಿ.

ಮದ್ದೂರ್ ವಡೆ:
ಬೀಗ ಒಡ್ದು ಮೋಟ್ರು ಇಳ್ಸಣ್ಣೋ, ಯಾರ್ ಕೇಳ್ತಾರೆ 😄

ಕಲ್ಲು ಮಣ್ಣು:
ವಡೆ ಅಣ್ಣ ಸುಮ್ನಿರಿ. ನಾನು ಮಾನಸಗಂಗೋತ್ರಿಲಿ ಜಿಯಾಲಜಿ ಓದ್ದೋನು, ಇಂಥ ಟೆಸ್ಟಲ್ಲಿ ರಾತ್ರಿಯೆಲ್ಲ ಟೇಪ್ ಹಿಡ್ಕೊಂಡ್ ಸೊಳ್ಳೆ ಕೈಲಿ ಕಚ್ಚುಸ್ಕೊಂಡಿದ್ದೀನಿ. ಎರಡನೇ ಬೋರು ದಂಡಕ್ಕಲ್ಲ, ಒಂದ್ರಲ್ಲಿ ನೀರೆತ್ತುವಾಗ ಪಕ್ಕದ್ರಲ್ಲಿ ಎಷ್ಟ್ ನಿಮಿಷಕ್ಕೆ ಎಷ್ಟ್ ಮಟ್ಟ ಇಳೀತು ಅಂತ ನೋಡೋಕೆ, ಮೋಟ್ರು ನಿಲ್ಸಿದ್ಮೇಲೆ ವಾಪಸ್ ಏರೋದನ್ನೂ ಬರ್ಕೋಬೇಕು. ನಮ್ ಕಡೆ ಕೆಳಗಿರೋದು ನೈಸ್ (gneiss) ಅನ್ನೋ ಕಲ್ಲು, ಗ್ರಾನೈಟು, ಎಲ್ಲ ಗಟ್ಟಿ ಬಂಡೆ. ಒಳಗೇನ್ ಹೊಳೆ ಹರೀತಿರಲ್ಲ, ನೀರ್ ನಿಲ್ಲೋದು ಮೇಲಿನ ಪುಡಿಕಲ್ಲಿನ ಪದರದಲ್ಲಿ, ಅದ್ರ ಕೆಳಗೆ ಬಿರುಕಲ್ಲಿ. ಆ ಬಿರುಕು ದೂರದ ತನಕ ಹೋಗೈತಾ ಇಲ್ಲ ಅಲ್ಲೇ ಮುಗ್ದೈತಾ ಅನ್ನೋದು ಕಂಪ್ರೆಸರ್ ಗಾಳಿಗೆ ಚಿಮ್ಮಿದ ನೀರ್ ನೋಡುದ್ರೆ ಗೊತ್ತಾಗಲ್ಲ.

ಬೋರಲಾದ ರೈತ:
ಇದು ನಿಜ ಕಣ್ರಪ್ಪ. ನಂದು ಮಳವಳ್ಳಿ ಕಡೆ. ಲಾರಿಯೋನು ಮೂರಿಂಚು ಅಂದ, ಸಾಲ ಮಾಡಿ ಮೋಟ್ರು ಪೈಪು ಕೇಬಲ್ ತಂದು ಬಾಳೆ ಹಾಕ್ದೆ, ನಾಲ್ಕ್ ತಿಂಗ್ಳಿಗೆ ಬರೀ ಗಾಳಿ. ಒಂದಿನ ಪೂರ್ತಿ ಓಡ್ಸಿ ನೋಡಿದ್ರೆ ಗುಂಡಿನೇ ತೆಗೀತಿರ್ಲಿಲ್ಲ.

ನಾಗಮಂಗಲದ ಹೈದ:
ಸರಿ, ಟೆಸ್ಟ್ ಮುಗೀತಲ್ಲ, ಈಗಾದ್ರೂ ಬುಡಬೋದಲ್ವಾ?

ಕಲ್ಲು ಮಣ್ಣು:
ಇನ್ಮುಂದೆ ಅದು ಅಳತೆ ಬೋರು ಅಣ್ಣ. ಕೇಂದ್ರ ಅಂತರ್ಜಲ ಮಂಡಳಿಯೋರು ಇಂಥವುದ್ರ ಮಟ್ಟ ವರ್ಷಕ್ಕೆ 4 ಸಲ ಅಳೀತಾರೆ, ಕೆಲವಕ್ಕೆ ತಾನೇ ಅಳ್ದು ಕಳ್ಸೋ ಸೆನ್ಸರ್ ಇಳ್ಸಿರ್ತಾರೆ. ನೀವ್ ಮೋಟ್ರು ಹಾಕುದ್ರೆ ಸಿಗೋದು ನಿಮ್ ಮೋಟ್ರಿನ ಲೆಕ್ಕ, ನೆಲದ್ದಲ್ಲ. ಆದ್ರೆ ಚೆನ್ನಾಗಿ ನೀರಿರೋದನ್ನ ಕುಡಿಯೋಕೆ ಬಿಟ್ಕೊಡೋದೂ ಉಂಟು, ಪಂಚಾಯ್ತಿಯಿಂದ ಅರ್ಜಿ ಹಾಕ್ಸಿ. ಹಂಗೇ ಫ್ಲೋರೈಡ್ ರಿಪೋರ್ಟ್ ಕೇಳಿ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋ ಹಂಗಿಲ್ಲ.

ನಾಗಮಂಗಲದ ಹೈದ:
ಹಂಗಾದ್ರೆ ಒಂದ್ರಲ್ಲಿ ನಾವ್ ಎತ್ಕೋತೀವಿ, ಇನ್ನೊಂದ್ರಲ್ಲಿ ಅವ್ರು ಅಳ್ಕೊಳ್ಲಿ!

ಕಲ್ಲು ಮಣ್ಣು:
ಪಕ್ಕಪಕ್ಕದವು ಕಣಣ್ಣ, ಮತ್ತದೇ ಆಯ್ತು 🙏