ಎದೆಯುರಿಗೆ ಮನೆಮದ್ದು: ಡಾಕ್ಟರನ್ನು ಕೇಳಿ

ಡಾಕ್ಟರ್: ನಾನು ಹೊಟ್ಟೆ, ಕರುಳಿನ ಡಾಕ್ಟರ್. ಎದೆಯುರಿ ಬಗ್ಗೆ ಏನಿದ್ದರೂ ಕೇಳಿ. ಫಾರ್ವರ್ಡ್ ಮಾತ್ರ ಬೇಡ.

ರಾತ್ರಿಪಾಳಿ: ಮಲಗಿದ ಕೂಡಲೇ ಉರಿ ಗಂಟಲಿಗೆ ಬರುತ್ತದೆ. ಮಾತ್ರೆ ಇಲ್ಲದೆ ದಾರಿ ಇದೆಯಾ?

ಡಾಕ್ಟರ್: ಇದೆ. ಉಂಡ ಮೇಲೆ 3 ಗಂಟೆ ಮಲಗಬೇಡಿ. ಮಂಚದ ತಲೆಭಾಗದ ಕಾಲುಗಳ ಕೆಳಗೆ 15–20 ಸೆಂ.ಮೀ. ಎತ್ತರದ ಮರದ ತುಂಡು ಇಡಿ. ದಿಂಬಿನ ಮೇಲೆ ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಒತ್ತಡ ಜಾಸ್ತಿಯಾಗುತ್ತದೆ, ಅಷ್ಟೇ. ಎಡಮಗ್ಗುಲಿಗೆ ಮಲಗಿ.

ಸಕ್ಕರೆಗೊಂಬೆ: ತಣ್ಣನೆ ಹಾಲು ಕುಡಿಯಬಹುದಾ?

ಡಾಕ್ಟರ್: ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಆಮೇಲೆ ಹೊಟ್ಟೆ ಮತ್ತೆ ಆಮ್ಲ ಸುರಿಸುತ್ತದೆ.

ಹಳೇಹುಲಿ: ಎದೆಯುರಿಗೆ ರಾಮಬಾಣ!! ಅಡುಗೆ ಸೋಡಾಕ್ಕೆ ನಿಂಬೆರಸ ಬೆರೆಸಿ 40 ದಿನ ಕುಡಿಯಿರಿ. ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ಒಬ್ಬರಿಗೂ ಕಳಿಸಬೇಡಿ. ನಿಂಬೆಯ ಹುಳಿ ಲೋಟದಲ್ಲೇ ಸೋಡಾದ ಶಕ್ತಿ ತೆಗೆಯುತ್ತದೆ. ಹೊಟ್ಟೆಗೆ ಹೋಗುವುದು ಗ್ಯಾಸ್ ಮತ್ತು ಸೋಡಿಯಂ. ಅರ್ಧ ಚಮಚ ಸೋಡಾದಲ್ಲಿ ಸುಮಾರು 600 ಮಿ.ಗ್ರಾಂ. ಸೋಡಿಯಂ ಇರುತ್ತದೆ. ಬಿಪಿ, ಹೃದಯ, ಕಿಡ್ನಿ ತೊಂದರೆ ಇದ್ದವರು 40 ದಿನ ಇದನ್ನು ಕುಡಿದರೆ ಏನಾದೀತು, ನೀವೇ ಯೋಚಿಸಿ.

ಮೊಗ್ಗು: ನನಗೆ 24. ಮೊದಲು ಎದೆಯುರಿ ಅಂತ ಇರಲೇ ಇಲ್ಲ. 3 ದಿನದಿಂದ ಏನು ನುಂಗಿದರೂ ಎದೆಯ ನಡುವೆ ಚುಚ್ಚಿದ ಹಾಗಾಗುತ್ತದೆ. ಜೇನು, ಶುಂಠಿ ಎಲ್ಲ ಆಯಿತು.

ಡಾಕ್ಟರ್: ಯಾವುದಾದರೂ ಮಾತ್ರೆ ತಗೊಳ್ತಿದ್ದೀರಾ?

ಮೊಗ್ಗು: ಮೊಡವೆಗೆ ಡಾಕ್ಸಿಸೈಕ್ಲಿನ್. ಮಲಗುವಾಗ, ಒಂದು ಗುಟುಕು ನೀರಲ್ಲಿ.

ಡಾಕ್ಟರ್: ಅದೇ ನನ್ನ ಅನುಮಾನ. ನಿಮ್ಮದು ಕೆಳಗಿನಿಂದ ಮೇಲೆ ಬಂದ ಆಮ್ಲ ಅಲ್ಲ, ಮೇಲಿಂದ ಕೆಳಗೆ ಇಳಿಯದ ಮಾತ್ರೆ. ನೀರು ಸಾಲದೆ ಅದು ಅನ್ನನಾಳದ ಗೋಡೆಗೆ ಅಂಟಿ ಅಲ್ಲೇ ಕರಗುತ್ತದೆ. ಆ ಜಾಗ ಸುಟ್ಟು ಹುಣ್ಣಾಗುತ್ತದೆ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್, ಕೆಲವು ನೋವಿನ ಮಾತ್ರೆ ಕೂಡ ಹೀಗೆ ಮಾಡುತ್ತವೆ. ಇವತ್ತಿನ ಮಾತ್ರೆ ನುಂಗುವ ಮೊದಲೇ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ, ನಿಲ್ಲಿಸಬೇಕಾ ಕೇಳಿ. ಮೊಡವೆ ಎಲ್ಲಿಗೂ ಓಡಿಹೋಗುವುದಿಲ್ಲ. ಮೆತ್ತಗಿನದು, ತಣ್ಣಗಿನದು ತಿನ್ನಿ. ಮುಂದೆ ಯಾವ ಮಾತ್ರೆಯಾದರೂ ಲೋಟ ತುಂಬ ನೀರು, ಆಮೇಲೆ ಅರ್ಧ ಗಂಟೆ ನೆಟ್ಟಗೆ ಕೂರಬೇಕು. ನೀರೂ ಇಳಿಯದಿದ್ದರೆ, ರಕ್ತ ವಾಂತಿಯಾದರೆ, ಮಲ ಡಾಂಬರಿನ ಹಾಗೆ ಕಪ್ಪಾದರೆ ನೇರ ಆಸ್ಪತ್ರೆಗೆ ಹೋಗಿ.

ಪುಟ್ಟಗೌರಿ: ಚೂಯಿಂಗ್ ಗಮ್ ಅಗಿದರೆ ಕಡಿಮೆಯಾಗುತ್ತಾ?

ಮಂದಾರ: ಅಪ್ಪನಿಗೆ 61. ಮೆಟ್ಟಿಲು ಹತ್ತಿದರೆ ಎದೆಯುರಿ, ನಿಂತರೆ ಹೋಗುತ್ತದೆ. ಯಾವ ಕಷಾಯ ಒಳ್ಳೆಯದು?

ಹಳೇಹುಲಿ: ನಮ್ಮಜ್ಜಿ ಸೋಡಾ ಕುಡಿದೇ 90 ಬದುಕಿದರು.

ರಾತ್ರಿಪಾಳಿ: ಅಜ್ಜಿ ರಾತ್ರಿ ಹನ್ನೊಂದಕ್ಕೆ ಉಂಡು ಮೊಬೈಲ್ ಹಿಡಿದು ಮಲಗ್ತಿದ್ರಾ?

ಹಳೇಹುಲಿ: ಹಿರಿಯರ ಸುದ್ದಿಗೆ ಬರಬೇಡಿ.

ರಾತ್ರಿಪಾಳಿ: ತಂದಿದ್ದು ನೀವೇ ಅಲ್ವಾ?

ಸಕ್ಕರೆಗೊಂಬೆ: ಬಿಸಿ ಹಾಲು ಆದರೆ?

ಡಾಕ್ಟರ್: ಹಾಲಿನ ಉತ್ತರ ಮೇಲಿದೆ.

ಹಳೇಹುಲಿ: ಮನೆಮದ್ದು ಬೇಡ ಅನ್ನುವುದು ಕಮಿಷನ್ ಆಸೆಗೆ. ಎಲ್ಲರಿಗೂ ಗೊತ್ತು.

ಡಾಕ್ಟರ್: ಮಂಚದ ಕೆಳಗಿನ ಮರದ ತುಂಡಿಗೆ ಯಾರು ಸ್ವಾಮಿ ಕಮಿಷನ್ ಕೊಡ್ತಾರೆ?

ಡಾಕ್ಟರ್: ಮಂದಾರ, ಈ ಜಗಳದಲ್ಲಿ ನಿಮ್ಮ ಪ್ರಶ್ನೆ ಈಗ ಕಂಡೆ. ಯಾವ ಕಷಾಯವೂ ಬೇಡ. ದೇಹ ದಣಿದಾಗ ಬಂದು ನಿಂತಾಗ ಹೋಗುವ ಉರಿ ಹೃದಯದ್ದಿರಬಹುದು. ಇವತ್ತೇ ಕರೆದುಕೊಂಡು ಹೋಗಿ, ಇಸಿಜಿ ಮಾಡಿಸಿ. ಅದು ಸರಿಯಿದ್ದರೂ ಅಲ್ಲಿಗೇ ಬಿಡಬೇಡಿ, ಹೃದಯದ ಡಾಕ್ಟರ್ ನೋಡಲಿ. ಸುಮ್ನೆ ಕೂತಾಗಲೂ ಉರಿ ಬಂದರೆ, ಬೆವರಿದರೆ, ನೋವು ದವಡೆಗೋ ತೋಳಿಗೋ ಹರಿದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ.

ಮಂದಾರ: ಹೊರಟೆವು.

ಸಕ್ಕರೆಗೊಂಬೆ: ಹಾಲಿಗೆ ಸಕ್ಕರೆ ಹಾಕದಿದ್ದರೆ ಪರವಾಗಿಲ್ವಾ?