ಸಹಾಯ ಬೇಕು: ಜರ್ಮನ್ ರಂಗಭೂಮಿಯ ಮೊದಲ ಇತಿಹಾಸ ಯಾವುದು?

ಎಲ್ಲರಿಗೂ ನಮಸ್ಕಾರ. ಜರ್ಮನ್ ರಂಗಭೂಮಿಯ ಇತಿಹಾಸವನ್ನು ಮೊದಲು ಬರೆದವರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ವಾರದಿಂದ ಶುರುವಿನಲ್ಲೇ ನಿಂತುಬಿಟ್ಟಿದ್ದೇನೆ.

ಗೊಟ್‌ಶೆಡ್ ಎಂಬ ಜರ್ಮನ್ ಸಾಹಿತಿ 1757ರಲ್ಲಿ ಜರ್ಮನ್ ನಾಟಕಗಳ ಒಂದು ದೊಡ್ಡ ಪಟ್ಟಿ ಅಚ್ಚು ಹಾಕಿಸಿದ. 1450ರಿಂದ ಈಚೆಗಿನ ನಾಟಕಗಳು ಅದರಲ್ಲಿವೆ, ವರ್ಷದ ಪ್ರಕಾರ. ಆದರೆ ಆಡಿದವರ ಕಥೆ ಕಡಿಮೆ. 1766ರಲ್ಲಿ ಲೋವೆನ್ ಎಂಬ ಲೇಖಕ ಬರೆದ ಜರ್ಮನ್ ರಂಗಭೂಮಿಯ ಇತಿಹಾಸ ಬೇರೆ ಥರ. ನಮ್ಮ ಕಂಪನಿ ನಾಟಕದವರ ಹಾಗೆ ಊರೂರು ತಿರುಗುತ್ತಿದ್ದ ತಂಡಗಳು, ನಟರು, ಅವರ ಯಜಮಾನರು ಅಲ್ಲಿ ಬರುತ್ತಾರೆ. ನನಗೆ ಇದೇ ಜಾಸ್ತಿ ಇಷ್ಟ. ಆದರೆ ಲೋವೆನ್ ಸ್ವತಃ ಅಂಥ ಒಂದು ತಂಡದ ಯಜಮಾನ ಶೋನೆಮನ್‌ನ ಅಳಿಯ. ಮನೆಯವರ ಬಗ್ಗೆ ಬರೆಯುವಾಗ ಕೈ ಸ್ವಲ್ಪ ವಾಲುತ್ತದೆ, ಅಲ್ವಾ?

ಮೂಲವನ್ನೇ ಓದೋಣ ಅಂತ ಸ್ಕ್ಯಾನ್ ಪ್ರತಿ ತೆಗೆದೆ. ಫ್ರಾಕ್ಟುರ್ ಎಂಬ ಹಳೆಯ ಜರ್ಮನ್ ಅಕ್ಷರಶೈಲಿಯ ಅಚ್ಚು. ಅದರಲ್ಲಿ ಉದ್ದನೆಯ ‘ಎಸ್’ ಅಕ್ಷರ ‘ಎಫ್’ ಥರವೇ ಕಾಣುತ್ತದೆ. ಮೊಬೈಲ್‌ನ ಅನುವಾದ ಆ್ಯಪ್ ಅದನ್ನು ತಪ್ಪಾಗಿ ಓದಿ, ಅರ್ಥವಿಲ್ಲದ ಸಾಲುಗಳನ್ನು ಕೊಟ್ಟಿತು. ಕಣ್ಣಲ್ಲೇ ಓದಿದರೆ ದಿನಕ್ಕೆ ಎರಡು ಪುಟ ಆಗುತ್ತಿದೆ.

ಜರ್ಮನ್ ಸಾಹಿತ್ಯ ಅಥವಾ ರಂಗಭೂಮಿ ಓದಿದವರು ದಯವಿಟ್ಟು ಹೇಳಿ. ನಾಟಕಗಳ ಪಟ್ಟಿಯನ್ನೂ ರಂಗಭೂಮಿಯ ಇತಿಹಾಸ ಅನ್ನಬಹುದಾ? ಇಲ್ಲ, ‘ಮೊದಲನೆಯದು’ ಅಂತ ಲೋವೆನ್ ಪುಸ್ತಕವನ್ನೇ ಇಟ್ಟುಕೊಂಡು ಲೇಖನ ಶುರು ಮಾಡಲಾ? ಫ್ರಾಕ್ಟುರ್ ಬೇಗ ಓದಲು ಯಾವ ದಾರಿ ಇದೆ?