ತಾಲ್ಲೂಕು ಇಂಜಿನಿಯರುಗಳ ಸಂಘ: ಸನ್ಮಾನ ಬಿಟ್ಟು ಏನು ಮಾಡಬಹುದು?

ಕುಮಟಾ_ಸೈಟ್:
ಕುಮಟಾ–ಹೊನ್ನಾವರ ಕಡೆಯ ಸಿವಿಲ್ ಇಂಜಿನಿಯರುಗಳು, ಗುತ್ತಿಗೆದಾರರು ಸೇರಿ ಸಂಘ ಕಟ್ಟುವ ಮಾತು ನಡೆದಿದೆ. ಸೆಪ್ಟೆಂಬರ್ 15ಕ್ಕೆ ಇಂಜಿನಿಯರ್ಸ್ ಡೇ, ಶಾಲು, ಊಟ ಎಂದು ಅಷ್ಟಕ್ಕೇ ನಿಲ್ಲಬಾರದು. ಸೈಟಿನ ಕೆಲಸ ಸುಧಾರಿಸಲು ಸಂಘದಿಂದ ಏನು ಸಾಧ್ಯ? ದೊಡ್ಡ ಸಂಸ್ಥೆಗಳ ಸದಸ್ಯತ್ವ ಇದ್ದರೆ ಸಾಲದೇ?

ಕಾರವಾರ_ಸ್ಟ್ರಕ್ಚರ್:
ಮೊದಲು ಒಂದೇ ಹಾಳೆಯ ಚೆಕ್‌ಲಿಸ್ಟ್ ಮಾಡಿ. ಅದಕ್ಕೆ ಸಹಿ ಬೀಳದೆ ಯಾವ ಸದಸ್ಯನೂ ಕಾಂಕ್ರೀಟ್ ಹಾಕಿಸಬಾರದು. ಒಬ್ಬ ಇಂಜಿನಿಯರ್ ಒಬ್ಬನೇ ಹಟ ಹಿಡಿದರೆ ಮನೆಯವರು ‘ಅಷ್ಟೆಲ್ಲ ಬೇಡ’ ಎನ್ನುವ ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತಾರೆ. ಎಲ್ಲರ ಕೈಯಲ್ಲೂ ಅದೇ ಹಾಳೆ ಇದ್ದರೆ ಆ ಚೌಕಾಸಿಗೆ ಜಾಗವೇ ಇಲ್ಲ. ಸಂಘ ಬೇಕಾಗುವುದೇ ಇದಕ್ಕೆ.

ಹಾಳೆಯಲ್ಲಿ ಅಂಕಿ ಇರಲಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ಕಡಲ ಗಾಳಿಗೆ ತೆರೆದ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ‘ಸಿವಿಯರ್’, ಅಂದರೆ ತೀವ್ರ ವಾತಾವರಣದ ವರ್ಗ: ಬಲದ ಗ್ರೇಡ್ ಕನಿಷ್ಠ ಎಂ30, ಘನ ಮೀಟರಿಗೆ 320 ಕೆ.ಜಿ. ಸಿಮೆಂಟ್, ನೀರು-ಸಿಮೆಂಟ್ ಅನುಪಾತ 0.45 ಮೀರಬಾರದು, ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್ ಪದರ) 45 ಮಿ.ಮೀ. ಆ ಅಂತರಕ್ಕೆಂದು ಸೈಟಿನಲ್ಲಿ ಕಾಣುವುದು ಕಂಬಿ ಕೆಳಗೆ ಸಿಕ್ಕಿಸಿದ ಜೆಲ್ಲಿ ಚೂರು. ಓಡಾಡುವಾಗ ಅದು ಜಾರಿ ಕಂಬಿ ಸೆಂಟ್ರಿಂಗ್ ಶೀಟಿಗೇ ಕೂರುತ್ತದೆ. ಉಪ್ಪು ಕಂಬಿ ಮುಟ್ಟಿತೆಂದರೆ ತುಕ್ಕು ಉಬ್ಬಿ ಕಾಂಕ್ರೀಟ್ ಪದರವನ್ನೇ ಕಳಚುತ್ತದೆ. ಜೆಲ್ಲಿ ಬದಲು ಕಂಬಿ ಕೆಳಗಿಡುವ ಕವರ್ ಬ್ಲಾಕನ್ನು ಅದೇ ಗ್ರೇಡಿನ ಕಾಂಕ್ರೀಟಿನಲ್ಲಿ ಮೊದಲೇ ಎರಕ ಹೊಯ್ದು ಕ್ಯೂರಿಂಗ್ ಮಾಡಿ (ನೀರುಣಿಸಿ), ಬೈಂಡಿಂಗ್ ವೈರಿನಿಂದ ಬಿಗಿಯಬೇಕು.

ಘಟ್ಟದ_ಮೇಲೆ:
ಶಿರಸಿ, ಸಿದ್ದಾಪುರದವರು ‘ನಮ್ಮಲ್ಲಿ ಉಪ್ಪಿಲ್ಲ’ ಎಂದು ಈ ಹಾಳೆ ಬದಿಗಿಡಬಾರದು. ಜೋರು ಮಳೆಗೆ ತೆರೆದ ಭಾಗವನ್ನೂ ಅದೇ ಮಾನಕ ‘ಸಿವಿಯರ್’ ಎನ್ನುತ್ತದೆ. ಹೊರಗಿನ ಚಜ್ಜಾ, ಟೆರೇಸಿಗೆ ಇದು ಅನ್ವಯ.

ಇನ್ನೊಂದು ಕೆಲಸ ಕ್ಯೂಬ್ ಪರೀಕ್ಷೆ: ಹಾಕುವ ಕಾಂಕ್ರೀಟನ್ನೇ ಅಚ್ಚಿನಲ್ಲಿ ತುಂಬಿ, ಗಟ್ಟಿಯಾದ ತುಂಡನ್ನು ಲ್ಯಾಬಿನಲ್ಲಿ ಒತ್ತಿ ಬಲ ನೋಡುವುದು. ಸಾವಿರ ಚದರಡಿಯ 5 ಇಂಚಿನ ಸ್ಲ್ಯಾಬ್ ಅಂದರೆ ಸುಮಾರು 12 ಘನ ಮೀಟರ್. 6ರಿಂದ 15 ಘನ ಮೀಟರಿಗೆ ಎರಡು ಸ್ಯಾಂಪಲ್, ತಲಾ ಮೂರು ಕ್ಯೂಬ್, ಒಟ್ಟು ಆರು. 7 ದಿನದ ಫಲಿತಾಂಶ ಬೇಕಾದರೆ ಹೆಚ್ಚುವರಿ ತೆಗೆಯಬೇಕು. ಸಣ್ಣ ಗುತ್ತಿಗೆದಾರರಲ್ಲಿ ಅಷ್ಟು ಅಚ್ಚು ಇರುವುದಿಲ್ಲ. ಸಂಘವೇ 150 ಮಿ.ಮೀ. ಅಚ್ಚು ಕೊಂಡು ಬಾಡಿಗೆಗೆ ಕೊಡಲಿ, ಲ್ಯಾಬಿಗೆ ವಾರಕ್ಕೊಮ್ಮೆ ಒಟ್ಟಿಗೆ ಕಳಿಸಲಿ. ಹೊಳೆ ಮುಖದ ಹತ್ತಿರದ ಬಾವಿ ನೀರನ್ನೂ ಪರೀಕ್ಷಿಸಿ. ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ (ಉಪ್ಪಿನಂಶ) ಲೀಟರಿಗೆ 500 ಮಿ.ಗ್ರಾಂ ದಾಟಬಾರದು.

ಕುಮಟಾ_ಸೈಟ್:
ಚೆಕ್‌ಲಿಸ್ಟ್ ಮೀರಿದ ಸದಸ್ಯರನ್ನು ಏನು ಮಾಡುವುದು ಮಾರಾಯ್ರೆ? ನೋಂದಣಿ ಹೇಗೆ?

ಅಂಕೋಲಾ_ಕಾಂಟ್ರಾಕ್ಟ್:
ಬೈಲಾದಲ್ಲೇ (ಸಂಘದ ನಿಯಮಾವಳಿ) ಬರೆದಿಡಿ: ಮೊದಲ ಸಲ ಲಿಖಿತ ಎಚ್ಚರಿಕೆ, ಮತ್ತೆ ಆದರೆ ಸದಸ್ಯತ್ವ ಅಮಾನತು. ಬರೆದಿಡದೆ ನಡೆಸಿದರೆ ಅದು ವೈಯಕ್ತಿಕ ಜಗಳವಾಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಏಳು ಜನ ಸೇರಿದರೆ ಸಾಕು.

ದೊಡ್ಡ ಸಂಸ್ಥೆಗಳೂ ಬೇಕು. 1920ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್, 1982ರ ಇಂಡಿಯನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ ಎರಡೂ ಉಪನ್ಯಾಸ, ತರಬೇತಿ ನಡೆಸುತ್ತವೆ. ಪರಿಣತರನ್ನು ಕರೆಸಲು ಆ ಸಂಪರ್ಕ ನೆರವಾಗುತ್ತದೆ. ಆದರೆ ನಮ್ಮ ಸ್ಲ್ಯಾಬಿನ ಕವರ್ ಅಳೆಯಲು ಅವರು ಬರುವುದಿಲ್ಲ. ಹೆಸರಿನ ಮುಂದಿನ ಸದಸ್ಯತ್ವದ ಅಕ್ಷರ ನೋಡಿ ಕೆಲಸ ಒಪ್ಪಿಸುವ ಅಭ್ಯಾಸ ಒಳ್ಳೆಯದಲ್ಲ.

ಕಾರ್ಮಿಕರನ್ನು ಮರೆಯಬೇಡಿ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60ರ ಒಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಹಲವರಿಗೆ ತೊಡಕಾಗುವುದು ಕೆಲಸದ ದೃಢೀಕರಣ ಪತ್ರ. ಹಾಜರಿ ಪುಸ್ತಕ ಸರಿಯಾಗಿಟ್ಟು, ಮಳೆಗಾಲದಲ್ಲಿ ಕೆಲಸ ತಗ್ಗಿದಾಗ ಒಂದು ದಿನ ಎಲ್ಲರನ್ನೂ ಕೂರಿಸಿ ಅರ್ಜಿ ತುಂಬಿಸಿ.